ಮರ್ಸೆಡ್ ಹೊಳೆಬದಿಯಲ್ಲಿ 24 ಗಂಟೆ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯ ಕ್ಯಾಂಪ್‌ಗ್ರೌಂಡಿನಲ್ಲಿ ದಿನ ಹುಟ್ಟುವುದು ಮಧ್ಯಾಹ್ನ 12ಕ್ಕೆ. ಹಿಂದಿನವರು ಸೈಟು, ಅಂದರೆ ಟೆಂಟು ಹಾಕಲು ಕೊಟ್ಟ ಜಾಗ, ಖಾಲಿ ಮಾಡುವುದೂ 12ಕ್ಕೆ, ಮುಂದಿನವರು ಕಾಲಿಡುವುದೂ 12ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಹೊರಡುವ ಕನ್ನಡದ ಕುಟುಂಬಗಳು ಮಾತ್ರ ತಲುಪುವುದು ಸಂಜೆ 5ಕ್ಕೆ. ದೋಸೆ ಹುಯ್ದು, ಎಲ್ಲರದ್ದೂ ಸ್ನಾನವಾಗಿ, ಇನ್ನೊಂದು ಮನೆಯವರಿಗೆ ಕಾದು ಹೊರಟರೆ ನಾಲ್ಕು ಗಂಟೆಯ ದಾರಿ ಏಳು ಗಂಟೆಯಾಗುತ್ತದೆ. ಜೂನ್ ತಿಂಗಳಲ್ಲಿ, ಅದೂ ಹೊಳೆಬದಿಯ ಸೈಟು ಸಿಕ್ಕಿದ್ದರೆ, ಈ ತಡ ದುಬಾರಿ ಬೀಳುತ್ತದೆ. ಬೆಳಕಿದ್ದಾಗಲೇ ಮುಗಿಸಬೇಕಾದ ಕೆಲಸ ಅಲ್ಲಿ ಬೇಕಾದಷ್ಟಿದೆ. ಕತ್ತಲಾದ ಮೇಲೆ ಹೊಳೆ ತನ್ನ ಕೆಲಸ ಶುರು ಮಾಡುತ್ತದೆ.

ಇದು ನಾರ್ತ್ ಪೈನ್ಸ್ ಕ್ಯಾಂಪ್‌ಗ್ರೌಂಡಿನ ಮಾತು. ಸಮುದ್ರಮಟ್ಟದಿಂದ ಸುಮಾರು 4000 ಅಡಿ ಮೇಲೆ, ಕಣಿವೆಯ ಪೂರ್ವದ ತುದಿ. ಒಂದು ಮಗ್ಗುಲಿಗೆ ಮರ್ಸೆಡ್ ನದಿ, ಇನ್ನೊಂದು ಮಗ್ಗುಲಿಗೆ ಟೆನಾಯಾ ಹಳ್ಳ, ನಡುವೆ ಪಾಂಡೆರೋಸಾ ಪೈನ್, ಸೀಡರ್ ಮರಗಳಡಿ 80ರ ಆಸುಪಾಸು ಸೈಟುಗಳು. ಸೈಟೊಂದಕ್ಕೆ ರಾತ್ರಿಗೆ 36 ಡಾಲರ್, 6 ಜನ, 2 ಗಾಡಿ. ಕೈಗೂಸೂ ಆ ಆರರಲ್ಲಿ ಒಂದು. ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಅನ್ನುವುದು ನಡೆಯುವುದಿಲ್ಲ. ಕಣಿವೆಯ ಬುಕಿಂಗ್ ಸಾಮಾನ್ಯವಾಗಿ 5 ತಿಂಗಳು ಮೊದಲು, 15ನೇ ತಾರೀಖು ಬೆಳಗ್ಗೆ 7ಕ್ಕೆ ತೆರೆಯುತ್ತದೆ. ನಾರ್ತ್ ಪೈನ್ಸ್‌ಗೆ ಅದಕ್ಕೂ ಮೊದಲೇ ಲಾಟರಿ ನಡೆದದ್ದುಂಟು, ಆದ್ದರಿಂದ ಆ ವರ್ಷದ ನಿಯಮ ನೋಡಿಕೊಳ್ಳಬೇಕು. ತತ್ಕಾಲ್ ಟಿಕೆಟಿಗೆ ಕೂತು ಅಭ್ಯಾಸವಿದ್ದವರಿಗೆ ಆ ಒಂದು ನಿಮಿಷದ ಎದೆಬಡಿತ ಹೊಸದೇನಲ್ಲ. ಇನ್ನೊಂದು ಮಾತು: ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ. ಬರುವ ದಾರಿಗೆ ತಕ್ಕಂತೆ ಕ್ರೇನ್ ಫ್ಲ್ಯಾಟ್‌ನಲ್ಲೋ ಎಲ್ ಪೋರ್ಟಲ್‌ನಲ್ಲೋ ತುಂಬಿಸಿಕೊಂಡೇ ಇಳಿಯಬೇಕು.

ಗಾಡಿ ನಿಲ್ಲಿಸಿದ ಕೂಡಲೇ ಎಲ್ಲರ ಕೈ ಟೆಂಟಿನ ಚೀಲಕ್ಕೆ ಹೋಗುತ್ತದೆ. ಮೊದಲು ತೆರೆಯಬೇಕಾದದ್ದು ಕರಡಿಪೆಟ್ಟಿಗೆ. ಪ್ರತಿ ಸೈಟಿನಲ್ಲೂ ಸಾಮಾನು ಕರಡಿಗೆ ಸಿಗದಂತೆ ಇಡಲು ಒಂದು ಉಕ್ಕಿನ ಪೆಟ್ಟಿಗೆ ಇರುತ್ತದೆ: ಅಗಲ 45 ಇಂಚು, ಆಳ 33, ಎತ್ತರ 18. ಈ 18 ಇಂಚನ್ನು ಮನೆಯಲ್ಲೇ ಟೇಪು ಹಿಡಿದು ನೋಡಿಕೊಂಡು ಹೊರಡಬೇಕು. ಗಾಲಿಯಿರುವ ಎತ್ತರದ ಐಸ್‌ಬಾಕ್ಸ್ ಅದರೊಳಗೆ ಹೋಗುವುದಿಲ್ಲ. ಅಡ್ಡ ಮಲಗಿಸಿದರೆ ಕರಗಿದ ನೀರು ಸೋರಿ ಅಕ್ಕಿಚೀಲ ಒದ್ದೆ. ದೊಡ್ಡದೊಂದರ ಬದಲು ಕುಳ್ಳಗಿನ ಎರಡು ಬಾಕ್ಸ್ ತಂದರೆ ಅಕ್ಕಪಕ್ಕ ಸರಿಯಾಗಿ ಕೂರುತ್ತವೆ, ದಿನಸಿಗೂ ಜಾಗ ಉಳಿಯುತ್ತದೆ. ಚಿಲಕ ಕರಡಿಯ ಪಂಜ ತೂರದಂತೆ, ಮನುಷ್ಯರ ಬೆರಳಷ್ಟೇ ಹೋಗುವಂತೆ ಮರೆಯಲ್ಲಿರುತ್ತದೆ. ಪಕ್ಕದಲ್ಲೇ ಕೂತಿದ್ದರೂ ಪೆಟ್ಟಿಗೆಯ ಬಾಗಿಲು ಹಾಕಿಯೇ ಇರಬೇಕು. ಬೇಕಾದ್ದನ್ನು ತೆಗೆದು ತಕ್ಷಣ ಚಿಲಕ ಜಡಿಯಬೇಕು.

ಒಳಗೆ ಏನು ಹೋಗಬೇಕು ಅನ್ನುವಲ್ಲಿ ನಮ್ಮವರು ಎಡವುತ್ತಾರೆ. ಊಟದ ಸಾಮಾನು ಹೋಗಬೇಕೆಂದು ಎಲ್ಲರಿಗೂ ಗೊತ್ತು. ಟೂತ್‌ಪೇಸ್ಟ್, ಸೋಪು, ತಲೆಗೆ ಹಚ್ಚುವ ಎಣ್ಣೆ, ಅಮೃತಾಂಜನ, ಮಗುವಿನ ಒದ್ದೆ ಟಿಶ್ಯೂ, ಅಜ್ಜಿಯ ಕೈಚೀಲದಲ್ಲಿರುವ ಅಡಿಕೆ-ಲವಂಗದ ಡಬ್ಬಿ, ಊದುಬತ್ತಿ, ಇವೂ ಹೋಗಬೇಕು. ಕರಡಿಗೆ ವಾಸನೆಯಷ್ಟೇ ಲೆಕ್ಕ, ತಿನ್ನುವುದೋ ಅಲ್ಲವೋ ಅನ್ನುವುದನ್ನು ಅದು ಹರಿದು ನೋಡಿಯೇ ತೀರ್ಮಾನಿಸುತ್ತದೆ. ಕತ್ತಲಾದ ಮೇಲೆ ಕಾರಿನಲ್ಲೂ ಏನೂ ಇಡುವಂತಿಲ್ಲ. ಮಕ್ಕಳ ಸೀಟಿನ ಸಂದಿಯಲ್ಲಿ ಸೇರಿಕೊಂಡ ಚಕ್ಕುಲಿ ಚೂರು ಸಾಕು. ಕಾರಿನ ಬಾಗಿಲಿನ ಮೇಲಂಚಿಗೆ ಉಗುರು ಸಿಕ್ಕಿಸಿ, ಚೌಕಟ್ಟನ್ನೇ ಕೆಳಕ್ಕೆ ಬಗ್ಗಿಸಿ ಒಳಗಿಳಿಯುವ ವಿದ್ಯೆ ಇಲ್ಲಿಯ ಕರಡಿಗಳಿಗೆ ಕರಗತ. 1998ರಲ್ಲಿ ಕರಡಿ ಕಾಟದ ಪ್ರಕರಣಗಳು ಈ ಪಾರ್ಕಿನಲ್ಲಿ 1500 ದಾಟಿದ್ದವು. ಪೆಟ್ಟಿಗೆಗಳೂ ಕಟ್ಟುನಿಟ್ಟೂ ಬಂದ ಮೇಲೆ ಬಹಳ ಇಳಿದಿವೆ. ಇದು ನಮ್ಮ ದರೋಜಿಯ ಕರಡಿಯಲ್ಲ ಅನ್ನುವುದನ್ನೂ ತಿಳಿದಿರಬೇಕು. ನಮ್ಮದು ಗೆದ್ದಲು ತಿನ್ನುವ, ಗಾಬರಿಯಾದರೆ ಮೈಮೇಲೆ ಬೀಳುವ ಜಾತಿ. ಇಲ್ಲಿಯದು, ಮೈ ಕಂದಾಗಿದ್ದರೂ, ಕಪ್ಪು ಕರಡಿ ಅನ್ನುವ ಜಾತಿ. ಸಾಮಾನ್ಯವಾಗಿ ಊಟದ ಕಳ್ಳ. ಸೈಟಿಗೆ ಬಂದರೆ ಎಲ್ಲರೂ ಒಟ್ಟಿಗೆ ನಿಂತು ಗಟ್ಟಿಯಾಗಿ ಕೂಗಬೇಕು, ಅದು ಓಡಲು ದಾರಿ ಬಿಡಬೇಕು. ಬೇರೆಡೆ ಕಂಡರೆ 50 ಗಜ ದೂರ.

ಆಮೇಲೆ ಟೆಂಟು. ಹೊಳೆಬದಿಯ ಸೈಟು ಸಿಕ್ಕಿದ ಖುಷಿಗೆ ನೀರಿನ ಅಂಚಿಗೇ ಟೆಂಟು ಹಾಕುವವರೇ ಹೆಚ್ಚು. ರಾತ್ರಿ ತಣ್ಣನೆಯ ಗಾಳಿ ನೀರಿನ ಹಾಗೆಯೇ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಸೈಟಿನಲ್ಲಿ ತಗ್ಗೆಂದರೆ ಹೊಳೆಯ ದಡವೇ. ಅದೇ ಸೈಟಿನಲ್ಲಿ, ಟೆಂಟಿಗೆ ಬಿಟ್ಟಿರುವ ಜಾಗದೊಳಗೇ, ರಸ್ತೆ ಕಡೆಗೆ ಸ್ವಲ್ಪ ಏರಿನಲ್ಲಿ ಹಾಕಿದರೆ ಚಳಿಯೂ ಕಡಿಮೆ, ಬೆಳಗ್ಗೆ ಟೆಂಟಿನ ಒಳಮೈ ತೊಟ್ಟಿಕ್ಕುವುದೂ ಕಡಿಮೆ. ಹೊಳೆ ನೋಡಲು ಕುರ್ಚಿ ದಡಕ್ಕೆ ಒಯ್ದರಾಯಿತು. ಜಾಗ ಗೊತ್ತು ಮಾಡುವ ಮೊದಲು ನೆಲ ನೋಡುವಂತೆ ಮೇಲೂ ನೋಡಬೇಕು. 2012ರಿಂದ 2016ರವರೆಗಿನ ಬರ ಮತ್ತು ತೊಗಟೆಹುಳದ ಕಾಟಕ್ಕೆ ಕ್ಯಾಲಿಫೋರ್ನಿಯಾದಲ್ಲಿ 10 ಕೋಟಿಗೂ ಹೆಚ್ಚು ಮರ ಸತ್ತಿವೆ. ಸೂಜಿಯಂಥ ಎಲೆ ಉದುರಿ ಬೋಳಾದ ಕೊಂಬೆಯ ನೇರ ಕೆಳಗೆ ಮಲಗುವಂತಿಲ್ಲ.

ನೆಲದ ಮೇಲೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಸುತ್ತಲೂ ಎರಡು ಇಂಚು ಚಿಕ್ಕದಿರಬೇಕು. ಹೊರಚಾಚಿದ ಅಂಚು ಮಳೆನೀರು ಹಿಡಿದು ನೇರ ಬೆನ್ನಡಿಗೆ ತರುತ್ತದೆ. ಮಡಚಿ ಒಳಕ್ಕೆ ಸೇರಿಸಿದರೂ ಸರಿ. ಗೂಟದ ಕಥೆ ಬೇರೆ. ಸಾವಿರಾರು ಜನ ತುಳಿದು ಗಟ್ಟಿಯಾದ ಗ್ರಾನೈಟ್ ಮರಳುನೆಲಕ್ಕೆ ಟೆಂಟಿನ ಜತೆ ಬರುವ ತಂತಿಗೂಟ ಮೊದಲ ಏಟಿಗೇ ಬಾಗುತ್ತದೆ. ದಪ್ಪ ಉಕ್ಕಿನ 10 ಇಂಚಿನ ಮೊಳೆಗೂಟ ಎಂಟು-ಹತ್ತು, ಒಂದು ಸುತ್ತಿಗೆ ಬೇಕೇ ಬೇಕು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ. ಹಗಲು ಗಾಳಿಯೇ ಇಲ್ಲವಲ್ಲ ಅಂತ ಹಗ್ಗ ಬಿಗಿಯದೆ ಬಿಟ್ಟರೆ ಹೊರಗಿನ ಮಳೆಹೊದಿಕೆ, ಅಂದರೆ ರೈನ್‌ಫ್ಲೈ ಒಳಗಿನ ಬಟ್ಟೆಗೆ ತಾಗಿ, ತಾಗಿದಲ್ಲೆಲ್ಲ ರಾತ್ರಿ ನೀರು ಇಳಿಯುತ್ತದೆ. ಕೈಗೆ ಪೈನ್ ಅಂಟು ಮೆತ್ತಿಕೊಂಡರೆ ಸೋಪಿಗೆ ಜಗ್ಗುವುದಿಲ್ಲ. ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೆ ಬಿಟ್ಟುಕೊಳ್ಳುತ್ತದೆ.

ಈಗ ಹೊಳೆಗೆ ಇಳಿಯಬಹುದು. 1806ರಲ್ಲಿ ಸ್ಪೇನಿನ ದಂಡು ಕಣಿವೆಯಿಂದ ಎಷ್ಟೋ ಕೆಳಗಿನ ಬಯಲಲ್ಲಿ ಈ ನದಿಗೆ ಕರುಣಾಮಾತೆಯ ಹೆಸರಿಟ್ಟಿತು. ಜೂನ್‌ನಲ್ಲಿ ಇದಕ್ಕೆ ಕರುಣೆ ಕಡಿಮೆ. ಬರುವುದು ಹಿಮ ಕರಗಿದ ನೀರು. ಎದೆಮಟ್ಟ ಇಳಿದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಈಜು ಬಲ್ಲವರಿಗೂ ಕೈಕಾಲು ಬೇಗ ಸೋಲುತ್ತವೆ. ಮಕ್ಕಳನ್ನು ಇಳಿಸುವುದಾದರೆ ಹೊಳೆ ತಿರುಗುವ ಒಳಮಗ್ಗುಲಿಗೆ ಹೋಗಬೇಕು. ಅಲ್ಲಿ ಮರಳು ಕೂತು ಆಳ ಕಡಿಮೆ ಇರುತ್ತದೆ. ಹೊರಮಗ್ಗುಲಲ್ಲಿ ಸೆಳೆತ ಜೋರು, ದಡದ ಅಡಿ ಕೊರೆದು ಟೊಳ್ಳಾಗಿರುತ್ತದೆ, ಅಂಚಿಗೆ ನಿಂತರೆ ಮಣ್ಣು ಸಮೇತ ಕುಸಿಯಬಹುದು. ಅಡ್ಡಬಿದ್ದ ಮರದ ಮೇಲ್ಗಡೆಯ ನೀರಿಗಂತೂ ಯಾರೂ ಇಳಿಯಬಾರದು. ನೀರು ಕೊಂಬೆಗಳ ನಡುವೆ ನುಸುಳುತ್ತದೆ, ಮೈ ಸಿಕ್ಕಿಕೊಳ್ಳುತ್ತದೆ.

ಹೊಸಬರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕರಗುವ ಕಾಲದಲ್ಲಿ ಈ ಹೊಳೆ ದಿನಕ್ಕೊಮ್ಮೆ ಏರಿ ಇಳಿಯುತ್ತದೆ. ಮೇಲಿನ ಶಿಖರಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ತೊರೆ ತೊರೆಯಾಗಿ ಕೂಡಿ ಕಣಿವೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮಧ್ಯಾಹ್ನ ಒಣಗಿದ್ದ ಮರಳದಿಬ್ಬ ಮಧ್ಯರಾತ್ರಿ ನೀರಿನಡಿ ಇರಬಹುದು. ದಡದಲ್ಲಿ ಬಿಟ್ಟ ಚಪ್ಪಲಿ, ಕುರ್ಚಿ, ಒಣಗಲು ಹರವಿದ ಟವೆಲು ಬೆಳಗ್ಗೆ ಕಾಣದಿದ್ದರೆ ಅಕ್ಕಪಕ್ಕದವರನ್ನು ಅನುಮಾನಿಸಬೇಕಿಲ್ಲ. ಸಂಜೆ ನೀರಿನಂಚಿಗೆ ಒಂದು ಕಡ್ಡಿ ನೆಟ್ಟು, ಮಲಗುವ ಮೊದಲು ಟಾರ್ಚು ಹಾಕಿ ನೋಡಿದರೆ ಲೆಕ್ಕ ಸಿಗುತ್ತದೆ. ದೊಡ್ಡ ಲೆಕ್ಕವೂ ಇದೆ. 1997ರ ಜನವರಿಯಲ್ಲಿ ಹಿಮದ ಮೇಲೆ ಬೆಚ್ಚನೆಯ ಮಳೆ ಸುರಿದು ಬಂದ ಪ್ರವಾಹಕ್ಕೆ ಸಿಕ್ಕಿದ ಅಪ್ಪರ್ ರಿವರ್, ಲೋವರ್ ರಿವರ್ ಕ್ಯಾಂಪ್‌ಗ್ರೌಂಡುಗಳು ಆಮೇಲೆ ಮೊದಲಿನಂತೆ ತೆರೆಯಲೇ ಇಲ್ಲ. 2023ರ ಏಪ್ರಿಲ್ ಕೊನೆಗೆ ಪ್ರವಾಹದ ಮುನ್ಸೂಚನೆಗೇ ಕಣಿವೆಯ ಪೂರ್ವಭಾಗ ಮುಚ್ಚಿದ್ದರು. ಹಿಮ ಹೆಚ್ಚು ಬಿದ್ದ ವರ್ಷ ಹೊರಡುವ ವಾರ ಪಾರ್ಕಿನ ಪ್ರಕಟಣೆ ನೋಡದೆ ಗಾಡಿ ಹತ್ತಬಾರದು.

ಅಡುಗೆ. ಎರಡು ಬರ್ನರಿನ ಪ್ರೊಪೇನ್ ಸ್ಟವ್, ಒಂದು ಪೌಂಡಿನ ಹಸಿರು ಸಿಲಿಂಡರು. 10,000 ಬಿಟಿಯು (ಕಾವಿನ ಅಳತೆ) ಬರ್ನರ್ ಒಂದನ್ನು ಪೂರ್ತಿ ಉರಿಸಿದರೆ ಸುಮಾರು ಎರಡು ಗಂಟೆ, ಎರಡೂ ಉರಿಸಿದರೆ ಒಂದೇ ಗಂಟೆ. ಆರು ಜನರ ಎರಡು ಹೊತ್ತಿನ ಅಡುಗೆ, ಮೂರು ಸಲ ಕಾಫಿ ಅಂದರೆ ಎರಡು ಸಿಲಿಂಡರು, ಕೈಕಾವಲಿಗೆ ಇನ್ನೊಂದು. ಬ್ಯೂಟೇನ್ ಡಬ್ಬಿಯ ಒಂಟಿ ಸ್ಟವ್ ಮನೆಯಲ್ಲಿ ಚೆನ್ನ. ಬ್ಯೂಟೇನ್ ಆವಿಯಾಗುವುದೇ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಚಳಿ ಬೆಳಗ್ಗೆ ಡಬ್ಬಿ ತುಂಬಿದ್ದರೂ ಉರಿ ಸಾಯುತ್ತದೆ. ಪ್ರೊಪೇನ್‌ಗೆ ಆ ತಾಪತ್ರಯವಿಲ್ಲ. ಈ ಎತ್ತರದಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ತಪ್ಪಲೆಯಲ್ಲಿ ಅನ್ನಕ್ಕೆ ನಾಲ್ಕೈದು ನಿಮಿಷ ಜಾಸ್ತಿ ಹಿಡಿಯಬಹುದು, ತೊಗರಿಬೇಳೆಯಂತೂ ಸತಾಯಿಸುತ್ತದೆ. ಕುಕ್ಕರ್ ತಂದರೆ ಸುಲಭ, ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. 5:30ಕ್ಕೆ ಕುಕ್ಕರ್ ಸೀಟಿ ಹೊಡೆದರೆ ರೇಂಜರ್ ಬರುವ ಮೊದಲು ಪಕ್ಕದ ಸೈಟಿನವರೇ ಬರುತ್ತಾರೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ, ಬಿಸಿಬೇಳೆಬಾತನ್ನು ಮನೆಯಲ್ಲೇ ಮಾಡಿ ಜಿಪ್ ಚೀಲದಲ್ಲಿ ಹಲಗೆಯಂತೆ ತೆಳ್ಳಗೆ ಹೆಪ್ಪುಗಟ್ಟಿಸಿ ತರುವುದು. ದಾರಿಯುದ್ದಕ್ಕೂ ಅದೇ ಐಸು, ರಾತ್ರಿ ಅದೇ ಊಟ. ಬೆಳಗ್ಗೆಗೆ ಗೊಜ್ಜವಲಕ್ಕಿ: ಒಲೆ ಬೇಡ, ತೊಳೆಯುವ ಪಾತ್ರೆಯೂ ಒಂದೇ.

ಅಂದಹಾಗೆ, ಈ ಕಣಿವೆಯಲ್ಲಿ ಅಡುಗೆ ಹಳೆಯದು. ಇಲ್ಲಿಯ ಮೂಲನಿವಾಸಿಗಳಾದ ಅಹ್ವಾನೀಚಿ ಜನ ಓಕ್ ಮರದ ಕಾಯಿ ಕುಟ್ಟಿ, ಪುಡಿಗೆ ಮತ್ತೆ ಮತ್ತೆ ನೀರು ಹಾಯಿಸಿ ಒಗರು ತೆಗೆದು ಗಂಜಿ ಕಾಯಿಸುತ್ತಿದ್ದರು. ಕುಟ್ಟಿ ಕುಟ್ಟಿ ಬಂಡೆಯಲ್ಲೇ ಬಿದ್ದ ಕುಳಿಗಳನ್ನು ಈಗಲೂ ನೋಡಬಹುದು. ನೆಲದಲ್ಲಿ ಹೂತ ಒರಳು ಕಂಡವರಿಗೆ ಅವು ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಪಾತ್ರೆಯನ್ನು ಹೊಳೆಯಲ್ಲಿ ತೊಳೆಯುವಂತಿಲ್ಲ, ನಲ್ಲಿ ಬುಡದಲ್ಲೂ ಇಲ್ಲ. ಮೊದಲು ಅನ್ನದ ಅಗಳನ್ನೆಲ್ಲ ಪೇಪರ್ ಟವೆಲಿನಲ್ಲಿ ಒರೆಸಿ ಕರಡಿಗೆ ಸಿಗದ ಕಸದ ತೊಟ್ಟಿಗೆ ಹಾಕಿ, ಆಮೇಲೆ ಬಕೆಟಿನಲ್ಲಿ ತೊಳೆದು, ಆ ನೀರನ್ನು ಅದಕ್ಕೆಂದೇ ಇರುವ ಜಾಗಕ್ಕೆ ಸುರಿಯಬೇಕು. ಈ ಕೆಲಸ ನಡೆಯುವಾಗ ಮೇಜಿನ ಮೇಲೆ ಕಣ್ಣಿರಲಿ. ನೀಲಿ ಮೈ, ಕಪ್ಪು ಜುಟ್ಟಿನ ಸ್ಟೆಲ್ಲರ್ಸ್ ಜೇ ಹಕ್ಕಿ ಚಪಾತಿ ಎತ್ತಿಕೊಂಡು ಹೋಗಲು ಎರಡು ಸೆಕೆಂಡು ಸಾಕು.

ಕ್ಯಾಂಪ್‌ಫೈರ್ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಸಂಜೆ 5ರಿಂದ ರಾತ್ರಿ 10ರವರೆಗೆ ಮಾತ್ರ. ಹೊಗೆ ಕಣಿವೆಯಲ್ಲೇ ನಿಂತುಬಿಡುತ್ತದೆ, ಅದಕ್ಕೆ ಈ ನಿಯಮ. ಬಿದ್ದ ಪುರಲೆ ಆಯುವಂತಿಲ್ಲ. ಸೌದೆ ಕೊಂಡೇ ತರಬೇಕು, ಅದೂ ಹತ್ತಿರದಲ್ಲೇ, ಯಾಕೆಂದರೆ ದೂರದ ಸೌದೆಯ ಜತೆ ಹುಳವೂ ಬರುತ್ತದೆ. ಕೊಂಡ ಸೌದೆ ದಪ್ಪ. ಒಂದೆರಡನ್ನು ಸಣ್ಣ ಕೊಡಲಿಯಿಂದ ಬೆರಳುಗಾತ್ರಕ್ಕೆ ಸೀಳಿಕೊಳ್ಳದೆ ಕಡ್ಡಿ ಗೀರಿದರೆ ಬರೀ ಹೊಗೆ. 9:30ಕ್ಕೇ ಹೊಸ ಸೌದೆ ಇಡುವುದು ನಿಲ್ಲಿಸಬೇಕು. ಆರಿಸುವಾಗ ಒಂದು ಬಕೆಟ್ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಬೇಕು. ಕಾವು ತಾಗಿದರೆ ಇನ್ನೊಂದು ಸುತ್ತು.

ಮಧ್ಯಾಹ್ನ ಬನಿಯನ್ನಿನಲ್ಲಿ ಓಡಾಡಿದವರು ರಾತ್ರಿ ನಡುಗುವ ಊರಿದು. ಜೂನ್‌ನಲ್ಲೂ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಚಳಿ ಏರುವುದು ನೆಲದಿಂದ. ಅಗ್ಗದ ಗಾಳಿಹಾಸಿಗೆ ಮೆತ್ತಗಿರುತ್ತದೆ, ಆದರೆ ಒಳಗಿನ ಗಾಳಿ ಸುತ್ತುತ್ತ ಮೈ ಬಿಸಿಯನ್ನು ನೆಲಕ್ಕೆ ದಾಟಿಸುತ್ತದೆ, ಮೇಲೆ ಎಷ್ಟು ಹೊದ್ದರೂ ಬೆನ್ನು ತಣ್ಣಗೆ. ಹಾಸಿಗೆಯ ಮೇಲೆ ಫೋಮ್ ಹಾಳೆ ಅಥವಾ ನಾಲ್ಕು ಮಡಿಕೆಯ ಕಂಬಳಿ ಹಾಸಿ ಮಲಗಬೇಕು. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಡಿಗ್ರಿ ಹೆಚ್ಚಾಗಿ ತಡೆದುಕೊಳ್ಳಬಹುದಾದ ಮಿತಿ, ಸುಖನಿದ್ದೆಯ ಮಿತಿಯಲ್ಲ. ಐದಾರು ಡಿಗ್ರಿ ಮೇಲಿಟ್ಟು ಲೆಕ್ಕ ಹಾಕಿ. ಚಳಿಯೆಂದು ಟೆಂಟಿನ ಕಿಟಕಿಯನ್ನೆಲ್ಲ ಮುಚ್ಚಿದರೆ ಉಸಿರಿನ ತೇವ ಮುಂಜಾನೆ ಮುಖದ ಮೇಲೆ ಹನಿಯುತ್ತದೆ. ಮೇಲಿನ ಗಾಳಿಕಿಂಡಿ ತೆರೆದೇ ಇರಲಿ. ಹೊಳೆಯ ಮೊರೆತದಲ್ಲಿ ಪಕ್ಕದ ಟೆಂಟಿನ ಮಗು ಅತ್ತರೂ ಕೇಳಿಸುವುದಿಲ್ಲ. ಸಣ್ಣ ಮಕ್ಕಳು ದೊಡ್ಡವರ ಟೆಂಟಿನಲ್ಲೇ, ಬಾಗಿಲಿನಿಂದ ದೂರದ ಮೂಲೆಯಲ್ಲಿ ಮಲಗಲಿ.

ಬೆಳಗ್ಗೆ ಬಿಸಿಲು ಕಣಿವೆಗೆ ತಡವಾಗಿ ಇಳಿಯುತ್ತದೆ. ಸುತ್ತಲೂ ಸಾವಿರಾರು ಅಡಿಯ ಬಂಡೆಗೋಡೆ. ರೈನ್‌ಫ್ಲೈ ತನ್ನಷ್ಟಕ್ಕೆ ಒಣಗಲಿ ಅಂತ ಕಾದರೆ 12 ಹೊಡೆಯುತ್ತದೆ. ಎದ್ದ ಕೂಡಲೇ ಅದನ್ನೊಂದನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಒಳಮೈ ಒರೆಸಿ, ಬಿಸಿಲು ಬಿದ್ದ ಕಡೆ ಮೇಜಿನ ಮೇಲೆ ಹರವಬೇಕು. ಒಳಟೆಂಟಿನ ಬಾಗಿಲು ತೆರೆದಿಟ್ಟು ಕಾಫಿಗೆ ಹೋಗಬಹುದು. ಮಡಚುವಾಗ ಬಾಗಿಲ ಕಡೆಯನ್ನು ಕೊನೆಗೆ, ಒಳಗಿನ ಸೂಜಿ-ಮರಳು ಗುಡಿಸಿಕೊಂಡು. ಗೂಟ ಎಣಿಸಿ. ಕರಡಿಪೆಟ್ಟಿಗೆಯ ಹಿಂಬದಿಯ ಮೂಲೆಗೆ ಟಾರ್ಚು ಹಾಕಿ ನೋಡಿ; 33 ಇಂಚು ಆಳದಲ್ಲಿ ಉಪ್ಪಿನಕಾಯಿ ಬಾಟಲು ಕಣ್ಣಿಗೆ ಬೀಳುವುದಿಲ್ಲ. ಟೆಂಟು ಎಷ್ಟು ಒಣಗಿದೆ ಅನಿಸಿದರೂ ಮನೆ ಸೇರಿದ ರಾತ್ರಿಯೇ ಚೀಲದಿಂದ ತೆಗೆದು ಗ್ಯಾರೇಜಿನಲ್ಲಿ ಎರಡು ದಿನ ತೂಗುಹಾಕಬೇಕು. ಹೊಲಿಗೆಯ ಅಂಚಿನಲ್ಲಿ ಉಳಿದ ತೇವ ಒಂದು ವಾರದಲ್ಲಿ ಬೂಷ್ಟು ಹಿಡಿಸುತ್ತದೆ, ಆ ವಾಸನೆ ಮುಂದಿನ ಜೂನ್‌ವರೆಗೂ ಹೋಗುವುದಿಲ್ಲ.