ನಾಳೆಯ ತಿಂಡಿ ಇವತ್ತಿನ ಟೀ ಹೊತ್ತಿಗೇ ಶುರು

ಬಿ ಅಂಡ್ ಬಿ (ರಾತ್ರಿ ತಂಗಲು ರೂಮು, ಬೆಳಿಗ್ಗೆ ತಿಂಡಿ ಕೊಡುವ ಮನೆ) ಅಂದರೆ ಬೆಳಗಿನ ತಿಂಡಿಯೇ ದೊಡ್ಡ ತಲೆನೋವು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ಕೆಲಸ ಮಾಡಿದ ಮನೆಯಲ್ಲಿ ಬೆಳಿಗ್ಗೆ ಅಷ್ಟೇನೂ ಗಡಿಬಿಡಿ ಇರುತ್ತಿರಲಿಲ್ಲ. ಯಾಕಂದರೆ ಅದರ ಮುಕ್ಕಾಲು ಕೆಲಸ ಹಿಂದಿನ ಸಂಜೆ ಟೀ ಕುಡಿಯುವಾಗಲೇ ಮುಗಿದಿರುತ್ತಿತ್ತು.

ಗಾಲ್ವೇಯಲ್ಲಿ ಓದುತ್ತಿದ್ದಾಗ ರಜೆಯಲ್ಲಿ ಮಾಡಿದ ಕೆಲಸ ಇದು. ಐರ್ಲೆಂಡಿನಲ್ಲಿ ಸ್ಟೂಡೆಂಟ್ ವೀಸಾದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ 40 ಗಂಟೆ ದುಡಿಯಬಹುದು. ಮನೆ ಇದ್ದದ್ದು ಕ್ಲೇರ್ ಕೌಂಟಿಯ ಬರೆನ್‌ನಲ್ಲಿ. ಸುತ್ತಲೂ ಬೂದು ಬಣ್ಣದ ಸುಣ್ಣಕಲ್ಲಿನ ಗುಡ್ಡಗಳು. ಆ ಮನೆಯ ಅಪ್ಪ, ಮಗ ದನ ನೋಡಿಕೊಳ್ಳುತ್ತಿದ್ದರು. ಮನೆಯಾಕೆ ರೂಮು, ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಹಾಸಿಗೆ, ಟೇಬಲ್, ಪಾತ್ರೆ ನನ್ನ ಪಾಲು.

ಅತಿಥಿಗಳು ಬಂದ ತಕ್ಷಣ ಕೀ ಕೊಟ್ಟು ಕಳಿಸುವ ಪದ್ಧತಿ ಅಲ್ಲಿಲ್ಲ. ಕೂರಿಸಿ ಟೀ, ಬಿಸಿ ಸ್ಕೋನ್, ಬೆಣ್ಣೆ, ಜಾಮ್ ಕೊಡಬೇಕು. ಆದರೆ ರಾತ್ರಿ ಎಂಟರ ಮೇಲೆ ಬಂದವರಿಗೆ ಆಕೆ ಟೀ ಕೊಡುತ್ತಿರಲಿಲ್ಲ, "ಮೊದಲು ಊಟ ಮಾಡಿ ಬನ್ನಿ" ಅಂತ ಪಬ್‌ಗೆ ಓಡಿಸುತ್ತಿದ್ದರು. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ. ಇನ್ನೂ ಸಂಜೆ ಅಂತಲೇ ಬಂದವರು ಆರಾಮಾಗಿ ಇರುತ್ತಾರೆ. ಹಳ್ಳಿ ಪಬ್‌ನ ಅಡುಗೆಮನೆ ಮಾತ್ರ ಸಾಮಾನ್ಯವಾಗಿ ಒಂಬತ್ತರ ಹೊತ್ತಿಗೆ ಮುಚ್ಚಿಬಿಡುತ್ತದೆ. ಹಸಿದು ಮಲಗಿದವರು ಬೆಳಿಗ್ಗೆ ಸಿಡುಕುತ್ತಾರೆ, ಅಲ್ವಾ?

ಟೀ ಜೊತೆ ಹರಟೆ. ನೋಡಿದವರಿಗೆ ಬರೀ ಉಪಚಾರ ಅನ್ನಿಸಬೇಕು. "ತಿಂಡಿ ಎಷ್ಟು ಗಂಟೆಗೆ?" ಅಂತ ಆಕೆ ಕೇಳುತ್ತಲೇ ಇರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಎಂಟೂವರೆ ಅನ್ನುತ್ತಾರೆ, ಒಲೆ ಇರುವುದು ಒಂದೇ. "ನಾಳೆ ಎಲ್ಲಿಗೆ ಹೊರಟಿದ್ದೀರಿ?" ಅಂತ ಕೇಳುತ್ತಿದ್ದರು. ಡೂಲಿನ್‌ನಿಂದ ಏರನ್ ದ್ವೀಪಕ್ಕೆ ದೋಣಿ ಹಿಡಿಯುವವರಿಗೆ ಎಂಟು ಗಂಟೆ ಸರಿ, ಕ್ಲಿಫ್ಸ್ ಆಫ್ ಮೋಹರ್ ಅನ್ನುವ ಕಡಲಂಚಿನ ಕಡಿದಾದ ಬಂಡೆಗಳನ್ನು ನೋಡಿ ಬರುವವರಿಗೆ ಒಂಬತ್ತಾದರೂ ಸಾಕು ಅಂತ ತಾವೇ ಹೇಳಿಬಿಡುತ್ತಿದ್ದರು. ಅತಿಥಿಗಳಿಗೆ ಸಲಹೆ ಸಿಕ್ಕಿತು, ನಮಗೆ ಎರಡು ಪಂಕ್ತಿ ಆಯಿತು.

ಮುಂದಿನ ಪ್ರಶ್ನೆ, ಏನು ತಿನ್ನುವುದಿಲ್ಲ ಅಂತ. ಐರಿಷ್ ತಿಂಡಿ ಅಂದರೆ ರ್‍ಯಾಷರ್ (ಹಂದಿ ಮಾಂಸದ ತೆಳು ಹೋಳು, ಬೇಕನ್), ಸಾಸೇಜ್, ಬ್ಲ್ಯಾಕ್ ಪುಡಿಂಗ್, ಮೊಟ್ಟೆ, ಟೊಮೆಟೊ, ಅಣಬೆ. ಬ್ಲ್ಯಾಕ್ ಪುಡಿಂಗ್‌ನಲ್ಲಿ ಹಂದಿಯ ರಕ್ತ ಇರುತ್ತದೆ, ಓಟ್ಸೋ ಬಾರ್ಲಿಯೋ ಇರುತ್ತದೆ. ಸಾಸೇಜ್ ಬರೀ ಮಾಂಸ ಅಂತ ತಿಳಿಯಬೇಡಿ, ಸಾಮಾನ್ಯವಾಗಿ ಗೋಧಿ ರಸ್ಕ್ ಬೆರೆಸಿರುತ್ತಾರೆ. ಗೋಧಿ ಆಗದವರಿಗೆ ಅದೇ ಸಾಕು, ದಿನ ಹಾಳಾಗಲು. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಯಾವುದರಲ್ಲಿದೆ ಅಂತ ಬರೆದಿಡಬೇಕು ಅನ್ನುವುದು ಕಾನೂನು. ಆದರೆ ಅತಿಥಿಗಳು ಆ ಹಾಳೆ ಓದುವುದಿಲ್ಲ, ನಾವೇ ಬಾಯಿಬಿಟ್ಟು ಕೇಳಬೇಕು.

ಒಮ್ಮೆ ಡಬ್ಲಿನ್‌ನಿಂದ ಕನ್ನಡದವರೇ ಬಂದರು. ಗಂಡ, ಹೆಂಡತಿ, ಊರಿಂದ ಬಂದಿದ್ದ ತಾಯಿ. "ವೆಜಿಟೇರಿಯನ್" ಅಂದರು. ಮನೆಯಾಕೆ ನನ್ನ ಮುಖ ನೋಡಿದರು, ಮುಂದಿನದು ನೀನು ಕೇಳು ಅನ್ನುವ ಹಾಗೆ. "ಅಮ್ಮ, ಮೊಟ್ಟೆ ನಡೆಯುತ್ತಾ?" ಅಂದೆ. ಕನ್ನಡ ಕೇಳಿ ಅವರ ಮುಖ ಅರಳಿತು. "ನಂಗೆ ಬೇಡಮ್ಮ, ಇವರಿಬ್ರೂ ತಿಂತಾರೆ. ಆದ್ರೆ ಮಾಂಸ ಹುರಿದ ಬಾಣಲೇಲಿ ಮಾತ್ರ ಬೇಡ ಕಣಮ್ಮ." ಮಗ ಸಂಕೋಚದಿಂದ "ಅಮ್ಮಾ, ಸುಮ್ನಿರು" ಅಂದ. ಅವನು ಈ ಮಾತನ್ನು ತಾನಾಗಿ ಹೇಳುತ್ತಿರಲಿಲ್ಲ, ಗ್ಯಾರಂಟಿ. ರಾತ್ರಿಯೇ ಒಂದು ಬೇರೆ ಬಾಣಲೆ ತೊಳೆದು ಪಕ್ಕಕ್ಕಿಟ್ಟೆವು. ಸೋಡಾ ಬ್ರೆಡ್‌ಗೆ ಕೆಲವರು ಮೊಟ್ಟೆ ಒಡೆದು ಹಾಕುತ್ತಾರೆ. ನಮ್ಮಲ್ಲಿ ಹಿಟ್ಟು, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ ಅಷ್ಟೇ. ಬೆಳಿಗ್ಗೆ ಆ ತಾಯಿ ಎರಡು ತುಂಡು ಬ್ರೆಡ್, ಒಂದು ಬಟ್ಟಲು ಓಟ್ಸ್ ಗಂಜಿ ಖಾಲಿ ಮಾಡಿದರು. ಇದನ್ನೆಲ್ಲ ಬೆಳಿಗ್ಗೆ ಎಂಟಕ್ಕೆ ಕೇಳಿದ್ದರೆ? ಅಷ್ಟೊತ್ತಿಗೆ ಬಾಣಲೆಯಲ್ಲಿ ರ್‍ಯಾಷರ್ ಚುರುಗುಟ್ಟುತ್ತಿರುತ್ತಿತ್ತು.

ಹೋಟೆಲಿನಲ್ಲಿ ಇಲ್ಲದ ಇನ್ನೊಂದು ವಿಷಯ ಇಲ್ಲಿದೆ: ನಾಳೆ ಹೊಲದಲ್ಲಿ ಏನು ನಡೆಯುತ್ತದೆ ಅನ್ನುವುದು. ಸೈಲೇಜ್‌ಗೆ, ಅಂದರೆ ಹುದುಗಿಸಿ ಇಡುವ ದನದ ಮೇವಿಗೆ, ಹುಲ್ಲು ಕೊಯ್ಯುವ ದಿನ ಇಡೀ ದಿನ ಟ್ರ್ಯಾಕ್ಟರ್ ಓಡಾಟ. ರಸ್ತೆ ಒಂದೇ ಕಾರಿನ ಅಗಲ. ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ ಅಂತ ಹಿಂದಿನ ಸಂಜೆಯೇ ಹೇಳಬೇಕು. ಹುಲ್ಲು ಕೊಯ್ದ ಮೇಲೆ ಹೊಲಕ್ಕೆ ಸ್ಲರಿ, ಅಂದರೆ ಕೊಟ್ಟಿಗೆ ಕೆಳಗಿನ ತೊಟ್ಟಿಯ ಸಗಣಿ ನೀರು. ವಾಸನೆಗೆ ಮೂಗು ಮುಚ್ಚಿಕೊಂಡರೆ ಆಯಿತು, ಅಪಾಯ ಅದಲ್ಲ. ತೊಟ್ಟಿ ಕಲಕಲು ಶುರು ಮಾಡಿದಾಗ ಹೈಡ್ರೋಜನ್ ಸಲ್ಫೈಡ್ ಮೇಲೆ ಬರುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೂ ಗೊತ್ತಾಗುವುದಿಲ್ಲ, ಆಳು ಅಲ್ಲೇ ಬೀಳುತ್ತಾನೆ. ಗಾಳಿ ಬೀಸುವ ದಿನವೇ ಕಲಕಬೇಕು, ಶುರುವಾದ ಮೇಲೆ ಕನಿಷ್ಠ ಅರ್ಧ ಗಂಟೆ ಯಾರೂ ಹತ್ತಿರ ಸುಳಿಯಬಾರದು. ಕರು ನೋಡಬೇಕು ಅಂತ ಮಕ್ಕಳು ಓಡುವುದು ಅದೇ ಕೊಟ್ಟಿಗೆಗೆ.

ಹಾಗಾಗಿ ರೂಮಿಗೆ ಮಕ್ಕಳು ಬಂದಿದ್ದಾರೆ ಅಂತ ಟೀ ಹೊತ್ತಿಗೆ ಗೊತ್ತಾದರೆ ಮನೆಯಾಕೆ ಮಗನಿಗೆ ಫೋನ್ ಮಾಡುತ್ತಿದ್ದರು. ಅವರು ರೂಮ್ ಖಾಲಿ ಮಾಡಿ ಕಾರು ಹತ್ತುವ ತನಕ ಸ್ಲರಿ ಕೆಲಸ ಮುಂದಕ್ಕೆ. ಮಗ ಗೊಣಗುತ್ತಿದ್ದ, ಆದರೆ ಮುಂದಕ್ಕೆ ಹಾಕುತ್ತಿದ್ದ.