ಬಚ್ಚಲ ಹೊರಗೋಡೆಗೆ ಗ್ಯಾಸ್ ಗೀಸರ್

ಆರಿದ್ರ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಕೊಟ್ಟಿಗೆಯಲ್ಲಿ ಒಟ್ಟಿಟ್ಟ ಸೌದೆಗೂ ಥಂಡಿ ಹಿಡಿಯುತ್ತದೆ. ಹಂಡೆ ಒಲೆಯ ಮುಂದೆ ಕೂತು ಊದೂದಿ ಅಮ್ಮನ ಉಬ್ಬಸ ಹೆಚ್ಚಾಯಿತು. ಹೊಗೆಯಿಂದ ದೂರವಿರಲಿ ಅಂತ ಡಾಕ್ಟರು ಹೇಳಿದ ಮೇಲೆ ಬೇರೆ ದಾರಿ ಹುಡುಕಲೇಬೇಕಾಯಿತು. ಬಿಸಿನೀರು ಬೇಕೇಬೇಕೆನ್ನುವ ತಿಂಗಳುಗಳಲ್ಲೇ ನಮ್ಮಲ್ಲಿ ಬಿಸಿಲಿರುವುದಿಲ್ಲ, ಹಾಗಾಗಿ ಸೋಲಾರ್ ಬೇಡ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ. ಉಳಿದದ್ದು ಗ್ಯಾಸ್.

ಭಾವನ ಜೊತೆ ಶಿವಮೊಗ್ಗದ ದುರ್ಗಿಗುಡಿಗೆ ಹೋದೆ. ಅಂಗಡಿಯವರು ಬೆಲೆ ಹೇಳುವುದಕ್ಕೂ ಮೊದಲು ಕೇಳಿದ್ದು, "ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಸಾರ್?" ಅಂತ. ನಲ್ಲಿ ತಿರುಗಿಸಿದಾಗ ನೀರಿನ ಒತ್ತಡವೇ ಒಳಗಿನ ಗ್ಯಾಸ್ ವಾಲ್ವನ್ನು ತೆರೆಯುತ್ತದೆ. ಟ್ಯಾಂಕ್ ತಗ್ಗಿನಲ್ಲಿದ್ದರೆ ಉರಿ ಹತ್ತುವುದೇ ಇಲ್ಲ. ಆರು ಲೀಟರ್ ಗೀಸರ್ ಅಂದರೆ ಆರು ಲೀಟರ್ ನೀರು ತುಂಬುವ ಪಾತ್ರೆಯಲ್ಲ. ನಿಮಿಷಕ್ಕೆ ಆರು ಲೀಟರ್ ನೀರನ್ನು ಸುಮಾರು 25 ಡಿಗ್ರಿ ಬಿಸಿಯೇರಿಸುತ್ತದೆ ಎಂದರ್ಥ. ಆ ಲೆಕ್ಕದಲ್ಲಿ ತಾಸಿಗೆ ಒಂದು ಕೆಜಿಯ ಆಸುಪಾಸು ಗ್ಯಾಸ್ ಬೇಕು. 14.2 ಕೆಜಿ ಸಿಲಿಂಡರಿಗೆ ಭಾವ ಅಲ್ಲೇ ಲೆಕ್ಕ ಹಾಕಿದರು: ಹತ್ತು ನಿಮಿಷದ ಸ್ನಾನವಾದರೆ ಎಂಬತ್ತಕ್ಕಿಂತ ಹೆಚ್ಚು ಸ್ನಾನ.

ಹೊಗೆಯನ್ನು ಫ್ಯಾನಿನಿಂದ ಹೊರಗೆ ದಬ್ಬುವ ಮಾದರಿಯೂ ಇತ್ತು. ಒಳ್ಳೆಯದೇ, ಆದರೆ ಅದಕ್ಕೆ ಕರೆಂಟು ಬೇಕು. ಎರಡು ಟಾರ್ಚ್ ಸೆಲ್ಲಿನಲ್ಲಿ ಕಿಡಿ ಹೊತ್ತಿಸುವುದನ್ನೇ ಆರಿಸಿದೆವು. ಅದರಲ್ಲಿ ಐಎಸ್‌ಐ ಗುರುತೂ ನೀರು ನಿಂತರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆಯೂ ಇವೆಯೆಂದು ನೋಡಿಕೊಂಡೆವು.

ಮನೆಗೆ ಬಂದ ಪ್ಲಂಬರ್ ಷವರಿನ ಪಕ್ಕದಲ್ಲೇ ಗೋಡೆಗೆ ಪೆನ್ಸಿಲ್ ಗುರುತು ಹಾಕಿದ. "ಎಲ್ರೂ ಇಲ್ಲೇ ಹಾಕಿಸ್ಕೊಳ್ಳೋದು, ಪೈಪೂ ಉಳೀತದೆ" ಅಂದ. ನಾನು ಒಪ್ಪಲಿಲ್ಲ. ಹಳೆಯ ಬಚ್ಚಲಿಗೆ ಹೆಂಚಿನ ಸಂದಿತ್ತು. ಹೊಗೆ ಕಣ್ಣುರಿಸಿದರೂ ಮೇಲಿಂದ ದಾರಿ ಮಾಡಿಕೊಳ್ಳುತ್ತಿತ್ತು. ಈಗಿನದಕ್ಕೆ ಆರ್‌ಸಿಸಿ, ನೆಲದಿಂದ ಸೂರಿನವರೆಗೆ ಟೈಲ್ಸು. ಇರುವ ಒಂದು ಸಣ್ಣ ಕಿಂಡಿಯನ್ನೂ ಎರಚಲು ಬರುತ್ತದೆಂದು ಮಳೆಗಾಲವಿಡೀ ಮುಚ್ಚುತ್ತೇವೆ. ಅಂಥ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿಂದು ಮುಗಿಸುತ್ತ ಬಂದಂತೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ತಿಳಿಯಲೆಂದು ಗ್ಯಾಸಿಗೆ ಬೆರೆಸಿದ ನಾತ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಇದು ಸೋರಿದ ಗ್ಯಾಸಲ್ಲ, ಉರಿದ ಗ್ಯಾಸು. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ತ್ರಾಣವೂ ಇರುವುದಿಲ್ಲ. ಉಬ್ಬಸದ ಅಮ್ಮನನ್ನು ಅದರೊಳಗೆ ಕಳಿಸಲು ನನಗೆ ಮನಸ್ಸಿಲ್ಲ.

ಹಿತ್ತಿಲ ಕಡೆಯ ಹೊರಗೋಡೆಗೆ, ಗಾಳಿ ನೇರ ಬಡಿಯದಂತೆ ಮಾಡಿನ ಕೆಳಗೆ ಗೀಸರ್ ಹಾಕಿಸಿದೆವು. ಒಳಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಸಿಲಿಂಡರನ್ನು ಬಚ್ಚಲ ಗುಂಡಿಯ ಹತ್ತಿರ ಇಡಗೊಡದೆ ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿದೆ. ಪೈಪಿಗೆ ಹೆಚ್ಚು ಖರ್ಚಾಯಿತು, ಆಗಲಿ.

ಪಕ್ಕದ ಮನೆಯವರ ಗೀಸರ್ ಬಚ್ಚಲೊಳಗೇ ಇದೆ, ಅವರಲ್ಲಿ ಸಣ್ಣ ಮಕ್ಕಳಿದ್ದಾರೆ. ಅವತ್ತು ಸಂಜೆಯೇ ಪ್ಲಂಬರನನ್ನು ಅಲ್ಲಿಗೂ ಕರೆದೊಯ್ದು ಹೊರಗೋಡೆಯಲ್ಲಿ ಜಾಗ ತೋರಿಸಿದೆ. ಪೈಪು ತಂದ ಕೂಡಲೇ ಬದಲಾಯಿಸಿಕೊಡುತ್ತೇನೆಂದು ಒಪ್ಪಿದ್ದಾನೆ; ಅಲ್ಲಿಯವರೆಗೆ ಮಕ್ಕಳ ಸ್ನಾನಕ್ಕೆ ಬಿಸಿನೀರು ನಮ್ಮ ಮನೆಯಿಂದ.