ಹಂಡೆ, ಲ್ಯಾಕ್ಟೋಮೀಟರು ಮತ್ತೆ ನನ್ನ ಪೋರ್ಟ್‌ಲ್ಯಾಂಡ್ ಬೀರು

ಈ ಸಲ ರಜಕ್ಕೆ ಊರಿಗೆ ಬಂದಿದ್ದು ಸರಿಯಾಗಿ ಅಡಿಕೆ ಸುಗ್ಗಿ ಟೈಮಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಲಿ ಸ್ವಲ್ಪ ಒಳಗೆ ನಮ್ಮನೆ. ರಾತ್ರಿ ಒಂಬತ್ತಾದ್ರೂ ಅಂಗಳದಲ್ಲಿ ಲೈಟ್ ಹಾಕ್ಕೊಂಡು ಅಡಿಕೆ ಸುಲಿತಾ ಇರ್ತಾರೆ, ಆಚೆ ಒಲೆ ಮೇಲೆ ಹಂಡೇಲಿ ಅಡಿಕೆ ಬೇಯ್ತಾ ಇರುತ್ತೆ, ಆ ಚೊಗರಿನ ವಾಸ್ನೆ ಇದ್ಯಲ್ಲ ಅದು ಮೂಗಿಗೆ ಬಿದ್ರೆ ಸಾಕು ಹನ್ನೊಂದು ವರ್ಷ ಅಮೆರಿಕಾದಲ್ಲಿ ಇದ್ದಿದ್ದೆಲ್ಲ ಮರ್ತೇ ಹೋಗುತ್ತೆ. ಒಲೆ ಮುಂದೆ ನಾನು, ಚಿಕ್ಕಯ್ಯ ಇಬ್ರೇ. ಚಿಕ್ಕಯ್ಯ ಸೌಟಲ್ಲಿ ಒಂದು ಅಡಿಕೆ ತೆಗ್ದು ನೋಡಿ ಮತ್ತೆ ಒಳಗೆ ಹಾಕಿ, ಅವ್ವಂಗೆ ಕೇಳ್ಬಾರ್ದು ಅಂತ ದನಿ ಸಣ್ಣ ಮಾಡಿ ಕೇಳಿದ್ರು, "ಎಂತದಾ, ನೀನು ಅಲ್ಲಿ ಮನೇಲೇ ಬೀರು ಕಾಯ್ಸ್ತೀಯಂತೆ, ಹೌದಾ?"

ಚಿಕ್ಕಯ್ಯ, ಕಾಯ್ಸೋದು ಸಾರಾಯಿ, ಬೀರು ಕುದ್ಸಿ ಹುಳಿ ಬರ್ಸೋದು, ಅದು ಬೇರೆ ಇದು ಬೇರೆ ಅಂದೆ. ಸಾರಾಯಿ ಭಟ್ಟಿ ಇಳ್ಸೋಕೆ ಅಲ್ಲೂ ಸರ್ಕಾರದ ಪರ್ಮಿಟ್ ಬೇಕು. ಬೀರು ಮಾತ್ರ ಮನೆ ಖರ್ಚಿಗೆ ಮಾಡ್ಕೋಬಹುದು ಅಂತ 1978ರಲ್ಲಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಕಾನೂನು ಆಯ್ತು, ಇಬ್ರು ದೊಡ್ಡೋರಿರೋ ಮನೇಲಿ ವರ್ಷಕ್ಕೆ 200 ಗ್ಯಾಲನ್, ಅಂದ್ರೆ ಹತ್ರ ಹತ್ರ 757 ಲೀಟರ್, ಮಾರೋ ಹಾಗಿಲ್ಲ ಅಷ್ಟೇ. ಅದಾದ ಮೇಲೂ ಒಂದೊಂದು ರಾಜ್ಯ ಒಂದೊಂದು ಥರ ಎಳೆದಾಡಿ, ಅಲಬಾಮಾ ಮತ್ತೆ ಮಿಸಿಸಿಪ್ಪಿ ಒಪ್ಕೊಂಡಿದ್ದು 2013ರಲ್ಲಿ. ನಮ್ಮ ಕಡೆ ಹಾಗಲ್ಲ, 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ದೆ ಮಾಡಿದ್ರೆ ಕೇಸು, ಹಾಗಾಗಿ ಇದನ್ನ ಓದಿ ಯಾರೂ ಕೊಟ್ಟಿಗೆ ಹಿಂದೆ ಶುರು ಹಚ್ಕೋಬೇಡಿ.

"ಅದಕ್ಕೆ ಎಂತೆಂತ ಸಾಮಾನು ಬೇಕು?" ಅಂದ್ರು ಚಿಕ್ಕಯ್ಯ. ಆ ರಾತ್ರಿ ಹೇಳಿದ್ದನ್ನೇ ಇಲ್ಲಿ ಬರಿತಿದೀನಿ, ಯಾಕಂದ್ರೆ ಹೇಳ್ತಾ ಹೇಳ್ತಾ ನಂಗೇ ಒಂದು ವಿಷ್ಯ ಹೊಳೀತು, ಡಾಲರ್ ಕೊಟ್ಟು ತಂದಿದ್ದರಲ್ಲಿ ನಿಜವಾಗ್ಲೂ ಕೆಲ್ಸಕ್ಕೆ ಬಂದಿದ್ದೆಲ್ಲ ನಮ್ಮನೇಲಿ ಬೇರೆ ಹೆಸರಲ್ಲಿ ಮೊದ್ಲೇ ಇತ್ತು.

ಮೊದಲ್ನೇದು ಹಂಡೆ. ಅಲ್ಲಿ ಕೆಟಲ್ ಅಂತಾರೆ, ನೋಡೋಕೆ ಮದುವೆ ಮನೆ ಸಾರಿನ ಪಾತ್ರೆ ಥರನೇ. ಸಾಮಾನ್ಯವಾಗಿ ಒಂದು ಸಲಕ್ಕೆ ಮಾಡೋದು 5 ಗ್ಯಾಲನ್, 19 ಲೀಟರ್. ಅದಕ್ಕೆ 19 ಲೀಟರಿನ ಪಾತ್ರೆ ಸಾಕು ಅಂತ ಹೊಸಬರೆಲ್ಲ ಅನ್ಕೋತಾರೆ, ನಾನೂ ಹಾಗೇ ಅನ್ಕೊಂಡು ತಂದೆ, ಅದು ಕುದಿ ಬರೋ ಹೊತ್ತಿಗೆ ನೊರೆ ಎದ್ದು ಹಾಲು ಉಕ್ಕಿದ ಹಾಗೆ ಉಕ್ಕಿ ಸ್ಟವ್ ಮೇಲೆಲ್ಲ ಹರಿದು, ಒಣಗಿದ ಮೇಲೆ ಬೆಲ್ಲದ ಪಾಕದ ಹಾಗೆ ಅಂಟ್ಕೊಂಡು, ನಾನು ಮತ್ತೆ ನನ್ನ ಹೆಂಡ್ತಿ ಅದನ್ನ ಕೆರೆದಿದ್ದು ಎರಡು ದಿನ, ಮಾತಾಡ್ದೇ ಇದ್ದಿದ್ದು ನಾಲ್ಕು ದಿನ. ಈಗ ಇರೋದು 40 ಲೀಟರಿನ ಸ್ಟೀಲಿಂದು, ಕೆಳಗೆ ನಲ್ಲಿ ಇದೆ, ಮನೆ ಹಿಂದೆ ಗ್ಯಾಸ್ ಬರ್ನರ್ ಮೇಲೆ ಇಡೋದು. ಒಳಗೆ ಬರೋ ಹಾಗಿಲ್ಲ.

ಬಾರ್ಲಿ ಮಾಲ್ಟ್ ಅಂದ್ರೆ ಎಂತ ಅಂತ ಚಿಕ್ಕಯ್ಯಂಗೆ ಹೇಳೋದು ಸುಲಭ ಆಯ್ತು, ರಾಗಿ ಮೊಳಕೆ ಕಟ್ಟಿ ಒಣಗ್ಸಿ ಮಾಲ್ಟ್ ಮಾಡ್ತೀವಲ್ಲ ಅದೇ ಕಥೆ, ಅದು ಬಾರ್ಲಿ ಅಷ್ಟೇ. ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ನೀರಲ್ಲಿ ಒಂದು ಗಂಟೆ ನೆನೆ ಹಾಕಿದ್ರೆ ಕಾಳಲ್ಲಿರೋ ಹಿಟ್ಟು ಸಕ್ಕರೆ ಆಗುತ್ತೆ. ಇಡೀ ಮನೆ ಹಾರ್ಲಿಕ್ಸ್ ವಾಸ್ನೆ. ಇಲ್ಲಿ ಬೇಕಾಗಿರೋದು ಎರಡೇ ಸಾಮಾನು, ಒಂದು ಒಳ್ಳೆ ಥರ್ಮಾಮೀಟರು, ಇನ್ನೊಂದು ಬಟ್ಟೆ ಚೀಲ. ಥರ್ಮಾಮೀಟರ್ ಐದು ಡಿಗ್ರಿ ಸುಳ್ಳು ಹೇಳಿದ್ರೆ ಬೀರಿನ ಗುಣನೇ ಬದಲಾಗುತ್ತೆ, ಬಿಸಿ ಜಾಸ್ತಿ ಆದ್ರೆ ಯೀಸ್ಟಿಗೆ (ಸಕ್ಕರೆ ತಿಂದು ಆಲ್ಕೋಹಾಲ್, ಗ್ಯಾಸ್ ಮಾಡೋ ಸೂಕ್ಷ್ಮಜೀವಿ) ಅರಗದ ಸಕ್ಕರೆ ಉಳ್ಕೊಂಡು ಬೀರು ಮಂದ ಆಗುತ್ತೆ, ಕಮ್ಮಿ ಆದ್ರೆ ತೆಳು. ಐಸ್ ನೀರಲ್ಲಿ ಒಂದ್ಸಲ, ಕುದಿಯೋ ನೀರಲ್ಲಿ ಒಂದ್ಸಲ ಇಟ್ಟು ನೋಡಿ ನಂಬ್ಬೇಕು. ಇನ್ನು ಬಟ್ಟೆ ಚೀಲ. ಮೊದ್ಲು ಇದಕ್ಕೆ ಎರಡ್ಮೂರು ಪಾತ್ರೆ, ಜರಡಿ ಅಂತೆಲ್ಲ ದೊಡ್ಡ ವ್ಯವಸ್ಥೆ ಬೇಕಿತ್ತು, ಆಸ್ಟ್ರೇಲಿಯಾದವ್ರು ಒಂದೇ ಪಾತ್ರೇಲಿ ಚೀಲ ಇಟ್ಟು ಮಾಡೋದನ್ನ ಶುರು ಮಾಡಿದ್ರು, ಈಗ ಎಲ್ಲಾ ಕಡೆ ಅದೇ. ಕಾಳಿನ ಚೀಲ ಮೇಲೆತ್ತಿ ತೂಗು ಹಾಕಿ ಹಿಂಡೋದು. ಅವ್ವ ಕಾಯಿಹಾಲು ತೆಗಿಯೋಕೆ ಹಳೇ ಪಂಚೆ ತುಂಡು ಇಟ್ಕೊಂಡಿದ್ದಾಳಲ್ಲ, ಅದನ್ನೇ ನೈಲಾನಲ್ಲಿ ಹೊಲ್ದು ಮಾರ್ತಾರೆ ಅಂದ್ಕೊಳ್ಳಿ.

ಆಮೇಲೆ ಆ ರಸಕ್ಕೆ ಹಾಪ್ಸ್, ಅಂದ್ರೆ ಬೀರಿಗೆ ಕಹಿ ಮತ್ತೆ ಪರಿಮಳ ಕೊಡೋ ಒಂದು ಬಳ್ಳಿ ಹೂವು, ಹಾಕಿ ಒಂದು ಗಂಟೆ ಕುದ್ಸೋದು. ಹಾಪ್ಸ್ ಸಾಮಾನಿನ ಲೆಕ್ಕಕ್ಕೆ ಬರಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನಾನಿರೋ ಪೋರ್ಟ್‌ಲ್ಯಾಂಡ್ ಊರಿನ ಒರೆಗಾನ್ ರಾಜ್ಯ ಅದರದ್ದೇ ಸೀಮೆ. ಕ್ಯಾಸ್ಕೇಡ್ ಅನ್ನೋ ತಳಿ 1972ರಲ್ಲಿ ಹೊರಗೆ ಬಂದಿದ್ದು ಅಲ್ಲಿಂದಾನೇ. ಬಳ್ಳಿ ಹಗ್ಗ ಹಿಡ್ಕೊಂಡು ಹದಿನೈದಿಪ್ಪತ್ತು ಅಡಿ ಸುತ್ಕೊಂಡು ಹತ್ತುತ್ತೆ, ದೂರದಿಂದ ನೋಡಿದ್ರೆ ನಮ್ಮ ಅಡಿಕೆ ಮರಕ್ಕೆ ಹಬ್ಬಿರೋ ಕಾಳುಮೆಣಸು ನೆನಪಾಗುತ್ತೆ. ಪೋರ್ಟ್‌ಲ್ಯಾಂಡ್‌ನವ್ರು ನಮ್ಮಲ್ಲಿ ಭಾರೀ ಮಳೆ ಅಂತ ಕೊಚ್ಕೋತಾರೆ, ವರ್ಷಪೂರ್ತಿ ಬಿದ್ರೂ ಒಂದು ಮೀಟರ್ ದಾಟೋದು ಕಷ್ಟ, ಆಗುಂಬೇಲಿ ಏಳು ಮೀಟರ್ ಮೇಲೆ ಬೀಳುತ್ತೆ ಮಾರಾಯ್ರೆ ಅಂದ್ರೆ ನಂಬಲ್ಲ.

ಈಗ ಬರುತ್ತೆ ನೋಡಿ ನನ್ನ ಅಚ್ಚುಮೆಚ್ಚಿನ ಸಾಮಾನು, ತಾಮ್ರದ ಕೊಳವೆ ಸುರುಳಿ. ಕುದಿದ ರಸ ಬೇಗ ತಣ್ಣಗಾಗ್ಬೇಕು, ನಿಧಾನ ಆದ್ರೆ ಗಾಳೀಲಿರೋ ಕಂಡ ಕಂಡ ಬ್ಯಾಕ್ಟೀರಿಯಾಗೆಲ್ಲ ಊಟ ಬಡಿಸಿ ಇಟ್ಟ ಹಾಗೆ, ಮೇಲಿಂದ ಬೇಯ್ಸಿದ ಮುಸುಕಿನ ಜೋಳದ ವಾಸ್ನೆ ಬೇರೆ ಉಳ್ಕೊಳುತ್ತೆ. ನಾನು ಮೊದ್ಲು ಬಾತ್‌ಟಬ್‌ಗೆ ಐಸ್ ತುಂಬಿ ಅದರಲ್ಲಿ ಪಾತ್ರೆ ಇಡ್ತಿದ್ದೆ, ಐಸ್ ಕರಗ್ತಿತ್ತು, ರಸ ಆರ್ತಿರ್ಲಿಲ್ಲ. ಆಮೇಲೆ 50 ಅಡಿ ತಾಮ್ರದ ಸುರುಳಿ ತಗೊಂಡೆ, ಪಾತ್ರೆ ಒಳಗೆ ಇಳಿಬಿಟ್ಟು ಒಂದು ತುದಿಗೆ ನಲ್ಲಿ ಪೈಪ್ ಸಿಕ್ಕಿಸಿದ್ರೆ ತಣ್ಣೀರು ಒಳಗೆ ಸುತ್ತಿ ಇನ್ನೊಂದು ತುದೀಲಿ ಬಿಸಿನೀರಾಗಿ ಬರುತ್ತೆ, ಚಳಿಗಾಲದಲ್ಲಾದ್ರೆ ಇಪ್ಪತ್ತು ನಿಮಿಷಕ್ಕೆ ಕುದಿಯೋ ರಸ ಕೈ ಇಡೋ ಹದಕ್ಕೆ ಬರುತ್ತೆ. ಹೊರಗೆ ಬರೋ ಬಿಸಿನೀರು ಸುಮ್ನೆ ಚೆಲ್ಲಲ್ಲ, ಮೊದಲ ಎರಡು ಬಕೆಟ್ ಪಾತ್ರೆ ತೊಳಿಯೋಕೆ. ಬಚ್ಚಲ ತಾಮ್ರದ ಹಂಡೇನ ಹುಣಸೇಹಣ್ಣು ಹಾಕಿ ಬೆಳಗಿದ ಕೈ ಇದು, ಆ ಸುರುಳಿ ಮಂಕಾಗಿದ್ರೆ ಮನಸ್ಸು ತಡಿಯಲ್ಲ. ಇದಕ್ಕಿಂತ ಫಾಸ್ಟ್ ಅಂತ ಒಂದು ಪ್ಲೇಟ್ ಚಿಲ್ಲರ್ (ಒತ್ತೊತ್ತಾಗಿ ಜೋಡ್ಸಿದ ತಗಡುಗಳ ಸಂದೀಲಿ ರಸ ಹರಿಸಿ ತಣಿಸೋದು) ಕೂಡ ತಗೊಂಡಿದ್ದೆ, ಅದರೊಳಗೆ ಹಾಪ್ಸ್ ಚೂರು ಸಿಕ್ಕಾಕೊಂಡ್ರೆ ದೇವ್ರೇ ಬಂದ್ರೂ ತೆಗಿಯೋಕಾಗಲ್ಲ. ಗ್ಯಾರೇಜಲ್ಲಿ ಬಿದ್ದಿದೆ, ಯಾರಿಗಾದ್ರೂ ಬೇಕಿದ್ರೆ ಹೇಳಿ.

ತಣ್ಣಗಾದ ಮೇಲೆ ಶುರು ಮಡಿ. ಇಲ್ಲಿಂದ ಮುಂದೆ ರಸಕ್ಕೆ ತಾಗೋದೆಲ್ಲ, ಬಕೆಟ್, ಮುಚ್ಚಳ, ಪೈಪು, ಸೌಟು, ನನ್ನ ಕೈ, ಎಲ್ಲ ಶುದ್ಧ ಆಗ್ಬೇಕು. ಸ್ಟಾರ್ ಸ್ಯಾನ್ ಅಂತ ಒಂದು ದ್ರಾವಣ ಬರುತ್ತೆ, ಫಾಸ್ಫಾರಿಕ್ ಆಸಿಡ್ ಇರೋದು, 19 ಲೀಟರ್ ನೀರಿಗೆ 30 ಎಂಎಲ್ ಸಾಕು, ಒಂದೆರಡು ನಿಮಿಷ ಒದ್ದೆ ಇದ್ರೆ ಆಯ್ತು, ಮತ್ತೆ ತೊಳಿಯೋ ಹಾಗಿಲ್ಲ. ನೊರೆ ಉಳ್ಕೊಂಡ್ರೂ ಅಡ್ಡಿ ಇಲ್ಲ. ಆದ್ರೆ ಮೊದ್ಲು ಕೊಳೆ ಉಜ್ಜಿ ತೆಗ್ದಿರ್ಬೇಕು, ಕೊಳೆ ಮೇಲೆ ಇದನ್ನ ಹೊಯ್ದ್ರೆ ಉಪಯೋಗ ಇಲ್ಲ. ನಾನು ಅದನ್ನ ಒಂದು ಸ್ಪ್ರೇ ಬಾಟ್ಲಿಗೆ ತುಂಬಿ ಸೊಂಟಕ್ಕೆ ಸಿಗ್ಸ್ಕೊಂಡು ಓಡಾಡ್ತೀನಿ. ಆ ಐದು ಡಾಲರ್ ಬಾಟ್ಲಿಯಷ್ಟು ಕೆಲ್ಸಕ್ಕೆ ಬಂದಿರೋದು ಬೇರೆ ಯಾವ್ದೂ ಇಲ್ಲ. ನನ್ನ ಮಗಳು ಅಡ್ಡ ಬಂದ್ರೆ "ದೂರ ನಿಲ್ಲು, ಮುಟ್ಬೇಡ" ಅಂತೀನಿ, ಹೇಳಿದ ಮೇಲೆ ಎಲ್ಲೋ ಕೇಳಿದ ಮಾತು ಅನ್ಸುತ್ತೆ.

ಇದನ್ನೆಲ್ಲ ಕೇಳಿ ಚಿಕ್ಕಯ್ಯ ನಕ್ರು. "ಬಗನಿ ಮರಕ್ಕೆ ಮಡಕೆ ಕಟ್ಟಿ ಬಂದ್ರೆ ಸಂಜೆಗೆ ತಾನೇ ಹುಳಿ ಬಂದಿರ್ತಿತ್ತು ಮಾರಾಯ, ಯಾವ ಆಸಿಡ್ಡೂ ಬೇಡ." ಹೌದು, ಕಳ್ಳಿಗೆ ಗಾಳೀಲಿರೋ, ಮಡಕೇಲಿ ಉಳಿದಿರೋ ಯೀಸ್ಟೇ ಸಾಕು. ಆದ್ರೆ ಕಳ್ಳು ಇಳಿಸಿದ ದಿನವೇ ಕುಡಿಯೋದು, ನಾಳೆ ಅನ್ನೋ ಹೊತ್ತಿಗೆ ವಿನೆಗರ್ ದಾರಿ ಹಿಡಿದಿರುತ್ತೆ, ಬೀರು ವಾರಗಟ್ಟಲೆ ಇರ್ಬೇಕು, ಅದಕ್ಕೇ ಈ ಮಡಿ ಎಲ್ಲ.

ತಣ್ಣಗಾದ ರಸಕ್ಕೆ ಯೀಸ್ಟ್ ಹಾಕಿ ಹುಳಿ ಬರ್ಸೋಕೆ ನಂದು ಪ್ಲಾಸ್ಟಿಕ್ ಬಕೆಟ್. ದೊಡ್ಡ ಗಾಜಿನ ಬುರುಡೆ ಬರುತ್ತೆ, ಒಳಗೆ ನೊರೆ ಏಳೋದು ನೋಡೋಕೆ ಚಂದ, ಆದ್ರೆ ತುಂಬಿದ್ರೆ ಇಪ್ಪತ್ತು ಕಿಲೋ ಮೇಲೆ, ಒದ್ದೆ ಕೈಲಿ ಜಾರಿದ್ರೆ ಆಸ್ಪತ್ರೆ, ನಂಗೆ ಬೇಡ. ಬಕೆಟ್ ಒಳಗೆ ಗೀರು ಬಿದ್ರೆ ಅದನ್ನ ಗಿಡಕ್ಕೆ ನೀರು ಹಾಕೋಕೆ ಇಟ್ಕೊಂಡು ಹೊಸದು ತರೋದು ಅಷ್ಟೇ. ಮುಚ್ಚಳದ ಮೇಲೆ ಏರ್‌ಲಾಕ್, ಸ್ವಲ್ಪ ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಕೊಳವೆ, ಒಳಗಿನ ಗ್ಯಾಸ್ ಬುಳಕ್ ಬುಳಕ್ ಅಂತ ಹೊರಗೆ ಹೋಗುತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ. ಅದಕ್ಕೆ ಬೇಕಾಗೋ ತಂಪು 18ರಿಂದ 20 ಡಿಗ್ರಿ. ಬೇಸಿಗೇಲಿ ನೀರಿನ ಟಬ್ಬಲ್ಲಿ ಬಕೆಟ್ ಇಟ್ಟು ಹಳೇ ಟೀಶರ್ಟ್ ಒದ್ದೆ ಮಾಡಿ ಹೊದ್ಸಿ ಫ್ಯಾನ್ ಬಿಡ್ತಿದ್ದೆ, ಮಣ್ಣಿನ ಮಡಕೆ ನೀರು ತಂಪಾಗೋ ಲೆಕ್ಕನೇ. ಈಗ ಯಾರೋ ಬಿಸಾಕ್ತಿದ್ದ ಹಳೇ ಫ್ರಿಜ್‌ಗೆ ಟೆಂಪರೇಚರ್ ಕಂಟ್ರೋಲರ್ ಸಿಗ್ಸಿದೀನಿ.

ಆದ್ರೆ ಆ ಬುಳಕ್ ಬುಳಕ್ ನಂಬಿ ಕೆಟ್ಟೆ ನಾನು. ಎರಡನೇ ಸಲ ಮಾಡಿದಾಗ ನನ್ನ ಹೈಡ್ರೋಮೀಟರ್ ಸಿಂಕ್‌ಗೆ ಬಿದ್ದು ಒಡೆದಿತ್ತು, ಏರ್‌ಲಾಕ್ ಸದ್ದು ನಿಂತಿದ್ಯಲ್ಲ, ಹುಳಿ ಬಂದು ಮುಗೀತು ಅನ್ಕೊಂಡು ಬಾಟ್ಲಿಗೆ ತುಂಬಿಬಿಟ್ಟೆ. ಮುಗಿದಿರ್ಲಿಲ್ಲ, ಮುಚ್ಚಳ ಸರಿ ಕೂತಿರ್ಲಿಲ್ಲ, ಗ್ಯಾಸ್ ಪಕ್ಕದಿಂದ ಹೋಗ್ತಿತ್ತು ಅಷ್ಟೇ. ಬಾಟ್ಲಿಗೆ ತುಂಬುವಾಗ ನೊರೆಗೋಸ್ಕರ 120 ಗ್ರಾಂ ಸಕ್ಕರೆ ಬೇರೆ ಹಾಕಿದ್ದೆ. ಹತ್ತು ದಿನದ ಮೇಲೆ ರಾತ್ರಿ ಎರಡು ಗಂಟೆಗೆ ಬಟ್ಟೆ ಕಪಾಟಿನೊಳಗೆ ಢಮ್ ಅಂತು. ಹೆಂಡ್ತಿ ಎದ್ದು ಕೂತ್ಲು. ಮತ್ತೊಂದು ಢಮ್. ಐವತ್ತು ಬಾಟ್ಲೀಲಿ ಒಂಬತ್ತು ಹೋದ್ವು, ಉಳಿದಿದ್ದನ್ನ ಚಳಿ ಜಾಕೆಟ್ಟು, ಕನ್ನಡಕ, ದಪ್ಪ ಗ್ಲೌಸ್ ಹಾಕ್ಕೊಂಡು ಒಂದೊಂದೇ ಹೊರಗೆ ಸಾಗ್ಸಿದೆ, ಅವಳ ಮೈಸೂರ್ ಸಿಲ್ಕ್ ಒಂದು ಇವತ್ತಿಗೂ ಬೀರು ವಾಸ್ನೆ ಅಂತಾಳೆ, ನಂಗೇನೋ ಬರಲ್ಲ.

"ಹೈಡ್ರೋಮೀಟರ್ ಅಂದ್ರೆ?" ಅಂದ್ರು ಚಿಕ್ಕಯ್ಯ. ಗಾಜಿನ ಕಡ್ಡಿ, ಕೆಳಗೆ ತೂಕ ಇರುತ್ತೆ, ರಸಕ್ಕೆ ಬಿಟ್ರೆ ತೇಲುತ್ತೆ, ರಸದಲ್ಲಿ ಸಕ್ಕರೆ ಜಾಸ್ತಿ ಇದ್ರೆ ಮೇಲೆ ನಿಲ್ಲುತ್ತೆ, ಯೀಸ್ಟ್ ಸಕ್ಕರೆ ತಿಂದ ಹಾಗೆಲ್ಲ ಕೆಳಗೆ ಇಳಿಯುತ್ತೆ, ಮೊದ್ಲು 1.052 ಇದ್ದಿದ್ದು ಕೊನೆಗೆ 1.012 ಆದ್ರೆ ಆ ವ್ಯತ್ಯಾಸಕ್ಕೆ 131.25 ಗುಣಿಸಿದ್ರೆ ಆಲ್ಕೋಹಾಲ್ ಶೇಕಡಾ ಐದೂ ಕಾಲು ಅಂತ ಗೊತ್ತಾಗುತ್ತೆ, ಎರಡ್ಮೂರು ದಿನ ಬಿಟ್ಟು ನೋಡಿದ್ರೂ ಅದೇ ನಂಬರ್ ಇದ್ರೆ ಬಾಟ್ಲಿಗೆ ತುಂಬ್ಬಹುದು ಅಂತೆಲ್ಲ ನಾನು ಕೈ ಬಾಯಿ ಆಡಿಸ್ತಾ ವಿವರಿಸ್ತಿದ್ರೆ ಅವ್ರು ಎದ್ದು ಒಳಗೆ ಹೋದ್ರು. ಬೇಜಾರಾಯ್ತೇನೋ ಅನ್ಕೊಂಡೆ. ಐದು ನಿಮಿಷಕ್ಕೆ ಒಂದು ತಗಡಿನ ಡಬ್ಬಿ ಹಿಡ್ಕೊಂಡು ಬಂದ್ರು, ಹಳೇ ಪೇಪರಲ್ಲಿ ಸುತ್ತಿದ್ದ ಗಾಜಿನ ಕಡ್ಡಿ. ಹಾಲಿನ ಡೈರೀಲಿ ಇಪ್ಪತ್ತು ವರ್ಷ ಸೆಕ್ರೆಟರಿ ಆಗಿದ್ರಲ್ಲ, ಲ್ಯಾಕ್ಟೋಮೀಟರು! "ನೀನು ಹೇಳಿದ್ದು ಇದೇ ಅಲ್ವಾ? ಇಪ್ಪತ್ತೆಂಟು, ಮೂವತ್ತು ತೋರ್ಸಿದ್ರೆ ಹಾಲು. ಅದಕ್ಕಿಂತ ಕೆಳಗೆ ಹೋದ್ರೆ ತಂದೋರ ಮುಖ ನೋಡ್ತಿದ್ದೆ."

ಅದೇ ಸಾಮಾನು. ಸ್ಕೇಲ್ ಮಾತ್ರ ಸೊನ್ನೆಯಿಂದ ನಲವತ್ತು, ಇಪ್ಪತ್ತೆಂಟು ಅಂದ್ರೆ 1.028. ನನ್ನ ಹಸಿ ರಸ 52 ಇರೋದ್ರಿಂದ ಶುರುಲಿ ಕೆಲ್ಸಕ್ಕೆ ಬರಲ್ಲ, ಕೊನೆಗೆ ಬರುತ್ತೆ ಅಂದೆ. "ತಗೊಂಡು ಹೋಗು, ನಂಗೆ ಈಗ ಎಂತಕ್ಕೆ, ಡೈರೀಲಿ ಎಲ್ಲ ಮಿಷನ್ ಬಂದಿದೆ" ಅಂತ ಕೊಟ್ರು. ಅಷ್ಟರಲ್ಲಿ ಹಂಡೇಲಿ ಅಡಿಕೆ ಹದ ಮೀರ್ತಿದೆ ಅಂತ ಅಪ್ಪಯ್ಯ ಅಂಗಳದಿಂದ ಕೂಗಿ ಇಬ್ರಿಗೂ ಬೈದ್ರು.

ಉಳಿದಿದ್ದು ಬೇಗ ಹೇಳಿಬಿಡ್ತೀನಿ. ಬಕೆಟ್ಟಿಂದ ಬಾಟ್ಲಿಗೆ ಇಳ್ಸೋಕೆ ಬಾಯಲ್ಲಿ ಪೈಪ್ ಎಳಿಬೇಡಿ, ಬಾಯಲ್ಲಿ ಬೇಕಾದಷ್ಟು ಬ್ಯಾಕ್ಟೀರಿಯಾ ಇರುತ್ತೆ, ಒಂದೇ ಸಲ ಒತ್ತಿದ್ರೆ ಹರಿಯೋ ಆಟೋ ಸೈಫನ್ ಬರುತ್ತೆ. ಬಾಟ್ಲಿ ಕಂದು ಬಣ್ಣದ್ದೇ ಇರ್ಲಿ, ಬಿಸಿಲು ಬಿದ್ರೆ ವಾಸ್ನೆ ಕೆಡುತ್ತೆ. ಮುಚ್ಚಳ ಒತ್ತೋ ಮಿಷನ್ ಎರಡು ರೆಕ್ಕೆದು ಸಾಕು. ಐವತ್ತು ಬಾಟ್ಲಿ ತೊಳಿಯೋದು ಬೇಜಾರಾದ ದಿನ ನಾನು ಕೆಗ್‌ಗೆ ಹೋದೆ, ಮೊದ್ಲು ಕೂಲ್‌ಡ್ರಿಂಕ್ ಸಿರಪ್ ತುಂಬ್ತಿದ್ದ 19 ಲೀಟರಿನ ಹಳೇ ಸ್ಟೀಲ್ ಕ್ಯಾನ್‌ಗಳು ಸೆಕೆಂಡ್ ಹ್ಯಾಂಡ್ ಸಿಗ್ತಾವೆ, ತಂದ ತಕ್ಷಣ ಎಲ್ಲ ರಬ್ಬರ್ ರಿಂಗ್ ಬದಲಾಯ್ಸ್ಬೇಕು, ಇಲ್ಲಾಂದ್ರೆ ಬೀರು ಸೋಡಾ ವಾಸ್ನೆ ಹೊಡಿಯುತ್ತೆ.

ವಾಪಸ್ ಬಂದು ಜನವರೀಲಿ ಒಂದು ಬ್ಯಾಚ್ ಮಾಡಿದೆ. ಮೂರು ವಾರ ಆದ ಮೇಲೆ ಸ್ವಲ್ಪ ತೆಗ್ದು ಗ್ಯಾಸ್ ಹೋಗ್ಲಿ ಅಂತ ಎರಡು ಲೋಟದಲ್ಲಿ ಟೀ ಎಳೆದ ಹಾಗೆ ಎಳೆದು, ಒಂದ್ಸಲ ಹೈಡ್ರೋಮೀಟರ್ ಬಿಟ್ಟೆ, 1.012. ಆಮೇಲೆ ಚಿಕ್ಕಯ್ಯನ ಲ್ಯಾಕ್ಟೋಮೀಟರ್ ಬಿಟ್ಟೆ, ಹತ್ರ ಹತ್ರ ಹನ್ನೆರಡಕ್ಕೆ ಬಂದು ನಿಲ್ತು. ಖುಷಿ ತಡಿಯೋಕಾಗ್ದೆ ಅಲ್ಲಿ ಬೆಳಗಿನ ಜಾವ ಅನ್ನೋದನ್ನೂ ನೋಡ್ದೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ.

ಚಿಕ್ಕಯ್ಯ ಕನ್ನಡಕ ಹಾಕ್ಕೊಂಡು ಫೋನ್ ಹತ್ರ ಹಿಡಿದು ನೋಡಿದ್ರು. "ಹನ್ನೆರಡಾ? ಬರೀ ನೀರು ಮಾರಾಯ. ನಾನಾಗಿದ್ರೆ ಕ್ಯಾನ್ ಸಮೇತ ವಾಪಸ್ ಕಳ್ಸ್ತಿದ್ದೆ."